ಆರು ಕಿಲೋ ಚಾಕೊಲೇಟು, ಪುಷ್ಯ ಮಳೆ

ಮಲೆನಾಡಿನ ಮಳೆಗಾಲದಲ್ಲಿ ಯಾವುದರ ಮೇಲೆ ಬಿಳಿ ಪೊರೆ ಕಂಡರೂ ಬೂಷ್ಟು ಎಂದೇ ಲೆಕ್ಕ. ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಬಾಯಿ ಸರಿಯಾಗಿ ಮುಚ್ಚದ ಹಪ್ಪಳದ ಡಬ್ಬಿಗೂ ಬೂಷ್ಟು. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಸಮಾರಂಭಕ್ಕೆ ತರಿಸಿ ಉಳಿದಿದ್ದ ಆರು ಕಿಲೋ ಚಾಕೊಲೇಟನ್ನು ಪುಷ್ಯ ಮಳೆಯ ಹೊತ್ತಿಗೆ ಬಿಚ್ಚಿ ನೋಡಿದಾಗ ಅದರ ಮೇಲೂ ಬೂದಿ ಬಳಿದಂತೆ ಪೊರೆ ಇತ್ತು. ಗೊಬ್ಬರದ ಗುಂಡಿಗೆ ಹೋಗುವುದರಲ್ಲಿದ್ದ ಆ ಮಾಲು ಮೂರು ವಾರದಲ್ಲಿ ಹೇಗೆ ಖರ್ಚಾಯಿತು, ಯಾವ ಕೆಲಸಕ್ಕೆ ಎಷ್ಟು ಹಿಡಿಯಿತು, ಎಲ್ಲಿ ಕೆಟ್ಟಿತು ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಪೊರೆಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ ನೋಡಬೇಕು. ಉಜ್ಜಿದಾಗ ಕರಗಿ ಮಾಯವಾಗಿ ಕೆಳಗಿನ ಕಂದು ಬಣ್ಣ ಹೊಳೆದರೆ ಅದು ಕೋಕೋ ಬೆಣ್ಣೆ, ಅಂದರೆ ಕೋಕೋ ಬೀಜದ ಕೊಬ್ಬು. ಬೇಸಿಗೆಯ ಸೆಕೆಗೆ ಕರಗಿ ಮೇಲೆ ಬಂದು ಮತ್ತೆ ಹೆಪ್ಪುಗಟ್ಟಿದ್ದು. ಪೊರೆ ಒರಟಾಗಿದ್ದು ಉಜ್ಜಿದರೂ ಹೋಗದೆ, ಒಂದು ಹನಿ ನೀರು ಬಿಟ್ಟರೆ ಕರಗಿದರೆ ಅದು ಸಕ್ಕರೆ. ತಣ್ಣಗಿದ್ದ ಚಾಕೊಲೇಟಿನ ಮೇಲೆ ಗಾಳಿಯ ತೇವ ಹನಿಯಾಗಿ ಕೂತು, ಮೇಲ್ಮೈಯ ಸಕ್ಕರೆ ಆ ಹನಿಯಲ್ಲಿ ಕರಗಿ, ನೀರು ಆರಿದ ಮೇಲೆ ಹರಳಾಗಿ ಉಳಿದದ್ದು. ಎರಡನ್ನೂ ಧೈರ್ಯವಾಗಿ ತಿನ್ನಬಹುದು. ನಿಜವಾದ ಬೂಷ್ಟಿಗೆ ನವಿರಾದ ರೋಮ ಇರುತ್ತದೆ, ಮುಗ್ಗಲು ವಾಸನೆ ಬರುತ್ತದೆ. ಬರೀ ಚಾಕೊಲೇಟಿನಲ್ಲಿ ನೀರಿನಂಶ ತೀರಾ ಕಡಿಮೆ ಇರುವುದರಿಂದ ಅದು ಸುಲಭಕ್ಕೆ ಹಿಡಿಯುವುದಿಲ್ಲ. ಒಳಗೆ ಕ್ರೀಮಿನ ಹೂರಣ ಇದ್ದದ್ದು ಮಾತ್ರ ಹಳೆಯದಾಗಿದ್ದರೆ ಎಸೆಯಿರಿ, ಅಲ್ಲಿ ಲೋಭ ಬೇಡ.

ಬೆಣ್ಣೆಯ ಪೊರೆ ಇದ್ದದ್ದನ್ನು ಕರಗಿಸಿ ಮತ್ತೆ ಹದ ಹಿಡಿದರೆ ಹೊಸದರಂತೆಯೇ ಹೊಳೆಯುತ್ತದೆ. ಸಕ್ಕರೆ ಪೊರೆಯದ್ದು ಹಾಗಾಗುವುದಿಲ್ಲ, ಹರಳು ನಾಲಿಗೆಗೆ ಮರಳಿನಂತೆ ಸಿಗುತ್ತದೆ. ಅದನ್ನು ಹಾಲಿಗೆ, ಕೇಕಿಗೆ, ಬಿಸಿ ಕ್ರೀಮಿನಲ್ಲಿ ಚಾಕೊಲೇಟು ಕರಗಿಸಿ ಮಾಡುವ ಗನಾಶಿಗೆ, ಅಂದರೆ ಸಕ್ಕರೆ ಮತ್ತೆ ಕರಗಲು ನೀರಿನಂಶ ಇರುವ ಕಡೆಗೆ ಬದಿಗಿಡಬೇಕು. ನಮ್ಮ ಆರು ಕಿಲೋದಲ್ಲಿ 3 ಕಿಲೋ ಡಾರ್ಕ್ 55%, 2 ಕಿಲೋ ಮಿಲ್ಕ್, 1 ಕಿಲೋ ವೈಟ್ ಇದ್ದವು. ಸಕ್ಕರೆ ಪೊರೆ ಹಿಡಿದದ್ದು ಡಾರ್ಕಿನಲ್ಲೇ ಅರ್ಧದಷ್ಟು.

ಲೇಬಲ್ಲಿನಲ್ಲಿ ಕೊಬ್ಬು ಎಂದು ಕೋಕೋ ಬೆಣ್ಣೆ ಮಾತ್ರ ಇದೆಯೇ, ಅಥವಾ ಹೈಡ್ರೋಜನೀಕೃತ ಸಸ್ಯಕೊಬ್ಬು ಇದೆಯೇ ನೋಡಿ. ಸಸ್ಯಕೊಬ್ಬಿನದು ಕಾಂಪೌಂಡ್. ಅದನ್ನು ಕರಗಿಸಿ ಅಚ್ಚಿಗೆ ಸುರಿದರೆ ಮುಗಿಯಿತು, ಕೆಳಗೆ ಹೇಳುವ ಉಷ್ಣತೆಯ ಕಸರತ್ತು ಅದಕ್ಕೆ ಬೇಡ. ಇಲ್ಲಿ ಬರೆದದ್ದೆಲ್ಲ ಕೋಕೋ ಬೆಣ್ಣೆಯ ಚಾಕೊಲೇಟಿನದು. ಇನ್ನು 55% ಎಂದರೆ ಕೋಕೋದ ಪುಡಿ ಮತ್ತು ಬೆಣ್ಣೆ ಸೇರಿದ ಪಾಲು, ಉಳಿದದ್ದು ಹೆಚ್ಚುಕಮ್ಮಿ ಸಕ್ಕರೆಯೇ. ಕಿಲೋಗೆ ಸುಮಾರು 450 ಗ್ರಾಂ. ಕೋಕೋ ಪುಡಿಗೆಂದು ಬರೆದ ಅಳತೆಗೆ ಇದನ್ನು ಹಾಕುವವರು ಸಕ್ಕರೆ ಇಳಿಸುವುದನ್ನು ಮರೆತರೆ ಗಂಟಲು ಕಟ್ಟುವಷ್ಟು ಸಿಹಿಯಾಗುತ್ತದೆ.

ಮಳೆಗಾಲದಲ್ಲಿ ಚಾಕೊಲೇಟ್ ಕೆಲಸ ಹಿಡಿಯಬಾರದು ಎನ್ನುವುದನ್ನು ಎಲ್ಲರ ಬಾಯಲ್ಲೂ ಕೇಳುತ್ತೇವೆ. ಮಲೆನಾಡಿನ ಮಟ್ಟಿಗೆ ಅದು ತಪ್ಪು. ಏಪ್ರಿಲ್‌ನಲ್ಲಿ ಶಿವಮೊಗ್ಗ ಪೇಟೆಯಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟುತ್ತದೆ. ಕೋಕೋ ಬೆಣ್ಣೆ ಕರಗುವುದು 34ರ ಆಸುಪಾಸಿನಲ್ಲಿ, ಆಗ ಅದ್ದಿದ್ದು ಒಣಗುವುದೇ ಇಲ್ಲ. ಜುಲೈನಲ್ಲಿ ಘಟ್ಟದ ಮೇಲಿನ ಮನೆಯ ನಡುಮನೆ 22ರಿಂದ 24 ಡಿಗ್ರಿ ಇರುತ್ತದೆ, ಚಾಕೊಲೇಟು ತಾನಾಗಿ ಗಟ್ಟಿಯಾಗಲು ಅಷ್ಟು ತಂಪು ಸಾಕು. ಕೆಡಿಸುವುದು ಫ್ರಿಜ್ಜು. 23 ಡಿಗ್ರಿಯಲ್ಲಿ ಗಾಳಿಯ ತೇವ 90% ಇದ್ದರೆ, 21 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರು ಕೂರುತ್ತದೆ. ಫ್ರಿಜ್ಜಿನಿಂದ ತೆಗೆದ ಚಾಕೊಲೇಟು ಐದಾರು ಡಿಗ್ರಿಯಲ್ಲಿರುತ್ತದೆ, ಎರಡು ನಿಮಿಷದಲ್ಲಿ ಬೆವರುತ್ತದೆ. ಕೋಣೆಯ ಶಾಖದಲ್ಲೇ ಇರುವ ಚಾಕೊಲೇಟಿನ ಮೇಲೆ ಹನಿ ಕೂರುವುದೇ ಇಲ್ಲ. ಆದ್ದರಿಂದ ಫ್ರಿಜ್ಜು ಮತ್ತು ಹಬೆ, ಇವೆರಡನ್ನು ದೂರ ಇಟ್ಟರೆ ಜಡಿಮಳೆಯ ದಿನವೇ ಇದಕ್ಕೆ ಒಳ್ಳೆಯ ದಿನ. ಅನ್ನ ಬೇಯುವ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಈ ಕೆಲಸ ಇಟ್ಟುಕೊಳ್ಳಬೇಡಿ, ನಡುಮನೆಯ ಮೇಜಿಗೆ ಬನ್ನಿ.

ಫ್ರಿಜ್ಜಿನಲ್ಲಿ ಇಟ್ಟೇ ಬಿಟ್ಟಿದ್ದರೆ ಪ್ಯಾಕೆಟ್ ಬಿಚ್ಚದೆ ಹೊರಗಿಟ್ಟು ನಾಲ್ಕೈದು ಗಂಟೆ ಕಾಯಿರಿ. ಹನಿ ಪ್ಯಾಕೆಟ್ಟಿನ ಹೊರಗೆ ಕೂತು ಒಳಗಿನದು ಒಣಗಿಯೇ ಉಳಿಯುತ್ತದೆ. ಇಡುವ ಜಾಗ ತಂಪಾಗಿ, ಕತ್ತಲಾಗಿ, ವಾಸನೆಯಿಲ್ಲದೆ ಇರಬೇಕು. ಕೋಕೋ ಬೆಣ್ಣೆ ಪಕ್ಕದ ವಾಸನೆಯನ್ನೆಲ್ಲ ಹೀರುತ್ತದೆ. ಕಾಫಿಪುಡಿ, ಇಂಗು, ಒಣಮೀನು, ಹಲಸಿನ ಹಣ್ಣು ಇರುವ ಕಪಾಟಿನಲ್ಲಿ ಒಂದು ವಾರ ಇಟ್ಟರೆ ಅದೇ ರುಚಿ. ಬಚ್ಚಲೊಲೆಯ ಹೊಗೆ ಆಡುವ ಅಟ್ಟವೂ ಆಗದು. ಅಡಿಕೆ ತೋಟದ ನಡುವೆ ಕೋಕೋ ಬೆಳೆದವರಿಗೆ ಇದು ಆಶ್ಚರ್ಯವಲ್ಲ, ಆ ಬೀಜದ ತಿರುಳಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಕೊಬ್ಬು. ಸ್ಟೀಲ್ ಡಬ್ಬಿಯ ಬಾಯಿ ಬಿಗಿಯಾಗಿದ್ದರೆ ಇರುವೆಯ ಕಾಟವೂ ಇಲ್ಲ. ನಾಯಿ ಸಾಕಿದ ಮನೆಯವರಿಗೆ ಒಂದು ಮಾತು: ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ. ಹತ್ತು ಕಿಲೋ ತೂಗುವ ನಾಯಿ ನೂರು ಗ್ರಾಂ ಡಾರ್ಕ್ ತಿಂದರೆ ಜೀವಕ್ಕೇ ಅಪಾಯ, ಕಾಯದೆ ಪಶುವೈದ್ಯರ ಬಳಿ ಹೋಗಬೇಕು. ಜಗುಲಿಯಲ್ಲಿ ತಟ್ಟೆ ಬಿಟ್ಟು ಒಳಗೆ ಹೋಗಬೇಡಿ.

ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿರುವುದು ಇಲ್ಲಿ ಹೊಸತಲ್ಲ. ಕ್ರೀಮು, ಹಾಲು ಬೆರೆತದ್ದೆಲ್ಲ ಫ್ರಿಜ್ಜನ್ನು ನಂಬಿಕೊಂಡದ್ದು. ಆರು ಕಿಲೋ ಖರ್ಚು ಮಾಡಬೇಕಾದಾಗ ನೀರಿಲ್ಲದ ತಿನಿಸುಗಳಿಗೆ ದೊಡ್ಡ ಪಾಲು, ಕ್ರೀಮಿನವಕ್ಕೆ ಅಂದಂದಿಗೆ ಬೇಕಾದಷ್ಟೇ ಎಂದು ಮೊದಲೇ ಗೆರೆ ಎಳೆದುಕೊಂಡೆವು.

ಗೇರುಬೀಜದ ಪೇಸ್ಟು ಒಂದೇ ಸಲಕ್ಕೆ ಒಂದು ಕಿಲೋ ಮಿಲ್ಕ್ ಚಾಕೊಲೇಟನ್ನು ಮುಗಿಸಿತು. ಅಳತೆ ಸರಿಸಮ: 250 ಗ್ರಾಂ ಗೇರುಬೀಜಕ್ಕೆ 250 ಗ್ರಾಂ ಮಿಲ್ಕ್ ಚಾಕೊಲೇಟು, ಒಂದು ಚಮಚ ವಾಸನೆಯಿಲ್ಲದ ಎಣ್ಣೆ, ಚಿಟಿಕೆ ಉಪ್ಪು. ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹೊಂಬಣ್ಣ ಬರುವ ತನಕ ಹುರಿದು, ಪೂರ್ತಿ ಆರುವ ಮುಂಚೆ ಮಿಕ್ಸಿಗೆ ಹಾಕಬೇಕು. ಮೊದಲು ಪುಡಿ, ಆಮೇಲೆ ಮುದ್ದೆ, ಆಮೇಲೆ ಎಣ್ಣೆ ಬಿಟ್ಟು ಹರಿಯುವ ಹದ. ಮುದ್ದೆಯ ಹಂತದಲ್ಲಿ ನೀರು ಹಾಕುವ ಆಸೆಯಾಗುತ್ತದೆ, ಹಾಕಿದಿರೋ ಅಲ್ಲಿಗೆ ಕೆಟ್ಟಿತು. ಅರ್ಧ ನಿಮಿಷ ರುಬ್ಬಿ, ಒಂದು ನಿಮಿಷ ಬಿಟ್ಟು, ಬದಿ ಕೆರೆದು, ಮತ್ತೆ ರುಬ್ಬಿ. ಹೀಗೆ ಹತ್ತು ನಿಮಿಷ ಹಿಡಿಯುತ್ತದೆ, ಬಿಡದೆ ರುಬ್ಬಿದರೆ ಮಿಕ್ಸಿಯ ಮೋಟರ್ ಸುಡುತ್ತದೆ. ಹರಿಯುವ ಹದಕ್ಕೆ ಬಂದ ಮೇಲೆ ಕರಗಿಸಿದ ಚಾಕೊಲೇಟು, ಉಪ್ಪು ಸೇರಿಸಿ ಒಂದು ಸುತ್ತು. ಗೇರುಬೀಜದ ಎಣ್ಣೆ ಕೋಕೋ ಬೆಣ್ಣೆಯನ್ನು ಗಟ್ಟಿಯಾಗಲು ಬಿಡದು, ಹಾಗಾಗಿ ಇದು ಸವರುವ ಹದದಲ್ಲೇ ಉಳಿಯುತ್ತದೆ. ಒಣಗಿದ ಗಾಜಿನ ಬಾಟಲಿಯಲ್ಲಿ, ಒದ್ದೆ ಚಮಚ ಮುಟ್ಟಿಸದಿದ್ದರೆ, ಹೊರಗೇ ಒಂದು ತಿಂಗಳು ನಿಲ್ಲುತ್ತದೆ. ಬಿಸಿ ದೋಸೆಯ ಮೇಲೆ ಬೆಣ್ಣೆ ಹಾಕುವಲ್ಲಿ ಇದನ್ನು ಸವರಿ ಕೊಟ್ಟರೆ ಮಕ್ಕಳು ಇನ್ನೊಂದು ಕೇಳುತ್ತಾರೆ.

ಎರಡನೆಯದು ಹಾಲಿಗೆ ಹಾಕುವ ಪುಡಿ. ಸಕ್ಕರೆ ಪೊರೆ ಹಿಡಿದ ಡಾರ್ಕಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. 300 ಗ್ರಾಂ ಚಾಕೊಲೇಟನ್ನು ಚಾಕುವಿನಲ್ಲಿ ಸಣ್ಣಗೆ ಕೊಚ್ಚಿ, 60 ಗ್ರಾಂ ಕೋಕೋ ಪುಡಿ, 60 ಗ್ರಾಂ ಸಕ್ಕರೆ ಪುಡಿ, 15 ಗ್ರಾಂ ಕಾರ್ನ್‌ಫ್ಲೋರ್, ಅರ್ಧ ಟೀ ಚಮಚ ಉಪ್ಪಿನ ಜೊತೆ ಮಿಕ್ಸಿಯಲ್ಲಿ ಐದೈದು ಸೆಕೆಂಡ್ ತಿರುಗಿಸಿ ನಿಲ್ಲಿಸಿ. ಚಾಕೊಲೇಟನ್ನು ಒಂದೇ ಹಾಕಿ ತಿರುಗಿಸಿದರೆ ಬ್ಲೇಡಿನ ಬಿಸಿಗೆ ಕರಗಿ ಜಾರಿಗೆ ಮೆತ್ತಿಕೊಳ್ಳುತ್ತದೆ, ಪುಡಿಗಳು ಜೊತೆಗಿದ್ದರೆ ತುಣುಕುಗಳನ್ನು ಬಿಡಿಬಿಡಿಯಾಗಿ ಇಡುತ್ತವೆ. ಒಂದು ಲೋಟ, ಅಂದರೆ 200 ಮಿಲಿ ಹಾಲಿಗೆ 30 ಗ್ರಾಂ. ಹಾಲು ಕುದಿ ಬರುವಾಗ ಪುಡಿ ಹಾಕಿ, ಕಡೆಗೋಲಿನಿಂದ ಕಡೆಯುತ್ತಾ ಒಂದು ನಿಮಿಷ ಕುದಿಸಿದರೆ ಕಾರ್ನ್‌ಫ್ಲೋರ್ ಬೆಂದು ಗಟ್ಟಿ ಹದ ಬರುತ್ತದೆ. ಜಜ್ಜಿದ ಎರಡು ಕಾಳುಮೆಣಸು ಹಾಕಿ ಸೋಸಿದರೆ ಮಳೆ ಸಂಜೆಗೆ ಕಷಾಯದ ಜಾಗವನ್ನೇ ಹಿಡಿಯುತ್ತದೆ. ಎರಡು ಸಲ ಮಾಡಿ 600 ಗ್ರಾಂ ಮುಗಿಸಿದೆವು.

ಈಗ ಹದ ಹಿಡಿಯುವ ಕೆಲಸ, ಇಂಗ್ಲಿಷಿನವರು ಟೆಂಪರಿಂಗ್ ಎನ್ನುವುದು. ಇದನ್ನು ಮಾತ್ರ ನಿಧಾನವಾಗಿ ಓದಿಕೊಳ್ಳಿ. ಕೋಕೋ ಬೆಣ್ಣೆ ಆರು ಬಗೆಯ ಹರಳಾಗಿ ಹೆಪ್ಪುಗಟ್ಟಬಲ್ಲದು. ಹೊಳಪು, ಮುರಿದಾಗ ಟಕ್ಕೆನ್ನುವ ಸದ್ದು, ಕೈಯಲ್ಲಿ ಕರಗದೆ ಬಾಯಲ್ಲಿ ಕರಗುವ ಗುಣ, ಇವು ಐದನೆಯ ಬಗೆಯ ಹರಳಿನವು. ಸುಮ್ಮನೆ ಕರಗಿಸಿ ಆರಲು ಬಿಟ್ಟರೆ ಬೇರೆ ಬಗೆಗಳೂ ಬೆರೆತು ಮೆತ್ತಗಾಗಿ, ಕೆಲವೇ ದಿನಗಳಲ್ಲಿ ಮತ್ತೆ ಬಿಳಿಚುತ್ತದೆ. ಬೇಡದ ಹರಳುಗಳನ್ನೆಲ್ಲ ಕರಗಿಸಿ, ಬೇಕಾದದ್ದಕ್ಕೆ ಹೆಪ್ಪು ಹಾಕುವುದೇ ಹದ ಹಿಡಿಯುವುದು. ಹಾಲಿಗೆ ಮೊಸರಿನ ಹೆಪ್ಪು ಹಾಕಿದ ಹಾಗೇ, ಇಲ್ಲಿ ಹೆಪ್ಪಾಗುವುದು ಹೊಳಪು ಕೆಡದ ಗಟ್ಟಿ ಚಾಕೊಲೇಟು.

750 ಗ್ರಾಂ ಡಾರ್ಕ್ ತೆಗೆದುಕೊಳ್ಳಿ. 500 ಗ್ರಾಮನ್ನು ಸ್ಟೀಲ್ ಬೋಗುಣಿಗೆ ಹಾಕಿ, ಉಳಿದ 250 ಗ್ರಾಮನ್ನು ಸಣ್ಣಗೆ ಕೊಚ್ಚಿ ಬದಿಗಿಡಿ. ಈ 250 ಗ್ರಾಂ ಹೊಳಪಿರುವ ಭಾಗದ್ದೇ ಆಗಿರಬೇಕು, ಬಿಳಿಚಿದ್ದು ಹೆಪ್ಪಿಗೆ ಬರುವುದಿಲ್ಲ. ಪಾತ್ರೆಯಲ್ಲಿ ಎರಡು ಇಂಚು ನೀರು ಕುದಿಸಿ, ಒಲೆ ಆರಿಸಿ, ಬೋಗುಣಿಯನ್ನು ಮೇಲಿಡಿ. ತಳ ನೀರಿಗೆ ತಾಗಬಾರದು, ಬೋಗುಣಿ ಪಾತ್ರೆಯ ಬಾಯನ್ನು ಪೂರ್ತಿ ಮುಚ್ಚಬೇಕು. ಪಕ್ಕದಿಂದ ಹಬೆ ಎದ್ದು ಒಳಗೆ ಬಿದ್ದರೆ ಕಥೆ ಮುಗಿಯಿತು. 45ರಿಂದ 48 ಡಿಗ್ರಿಗೆ ಬಂದಾಗ ಇಳಿಸಿ, ಬೋಗುಣಿಯ ತಳವನ್ನು ಒಣ ಬಟ್ಟೆಯಿಂದ ಒರೆಸಿ. ತಳದ ನೀರು ಸುರಿಯುವಾಗ ಜಾರಿ ಒಳಗೆ ಬೀಳುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಕೊಚ್ಚಿದ್ದನ್ನು ಮೂರು ಕಂತಿನಲ್ಲಿ ಹಾಕುತ್ತಾ ತಿರುವುತ್ತಾ 28 ಡಿಗ್ರಿಗೆ ಇಳಿಸಿ. ಮಳೆಗಾಲದ ಕೋಣೆಯಲ್ಲಿ ಇದಕ್ಕೆ ಹದಿನೈದಿಪ್ಪತ್ತು ನಿಮಿಷ ಬೇಕು. ಆಮೇಲೆ ಬಿಸಿನೀರಿನ ಪಾತ್ರೆಯ ಮೇಲೆ ಐದೈದು ಸೆಕೆಂಡ್ ಇಟ್ಟು ತೆಗೆದು 31ರಿಂದ 32ಕ್ಕೆ ಏರಿಸಿ, ಅಲ್ಲೇ ಹಿಡಿದು ಕೆಲಸ ಮಾಡಿ. ಮಿಲ್ಕ್ ಆದರೆ 45ಕ್ಕಿಂತ ಮೇಲೆ ಬೇಡ, ಇಳಿಸುವುದು 27ಕ್ಕೆ, ಕೆಲಸ 29ರಿಂದ 30ರಲ್ಲಿ. ವೈಟ್ ಇನ್ನೊಂದು ಡಿಗ್ರಿ ಕೆಳಗೆ.

ಚೂಪು ತುದಿಯ ಡಿಜಿಟಲ್ ಥರ್ಮಾಮೀಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಕೆಳತುಟಿಗೆ ಒಂದು ಹನಿ ತಾಗಿಸಿ ನೋಡಿ, ಡಾರ್ಕ್ ಹದದಲ್ಲಿದ್ದರೆ ತುಟಿಗಿಂತ ತುಸು ತಣ್ಣಗೆ ಎನಿಸುತ್ತದೆ. ಯಾವುದಕ್ಕೂ ಚಾಕುವಿನ ತುದಿಯನ್ನು ಅದ್ದಿ ಮೇಜಿನ ಮೇಲಿಡಿ. ಐದಾರು ನಿಮಿಷದಲ್ಲಿ ಗೆರೆಯಿಲ್ಲದೆ ಹೊಳಪಾಗಿ ಒಣಗಿದರೆ ಹದ ಬಂದಿದೆ. ಹತ್ತು ನಿಮಿಷವಾದರೂ ಅಂಟುತ್ತಿದ್ದರೆ ಬಂದಿಲ್ಲ, ಇನ್ನೊಂದು ಹಿಡಿ ಹೆಪ್ಪು ಹಾಕಿ ತಿರುವಿ. ಕೆಲಸದ ನಡುವೆ 33 ದಾಟಿತೋ, ಹಿಡಿದ ಹರಳೆಲ್ಲ ಕರಗಿತೆಂದು ತಿಳಿದು ಮೊದಲಿನಿಂದ ಶುರುಮಾಡಬೇಕು.

ಕರಗಿದ್ದು ದಪ್ಪವಾಯಿತೆಂದು ತುಪ್ಪವನ್ನೋ ಕೊಬ್ಬರಿ ಎಣ್ಣೆಯನ್ನೋ ಬೆರೆಸುವ ರೂಢಿ ಇದೆ. ತೆಳ್ಳಗಾಗುವುದು ನಿಜ. ಆದರೆ ಕೊಬ್ಬರಿ ಎಣ್ಣೆಯೂ ಕೋಕೋ ಬೆಣ್ಣೆಯೂ ಸೇರಿದರೆ ಎರಡರಲ್ಲಿ ಯಾವುದಕ್ಕೂ ಇಲ್ಲದಷ್ಟು ಮೆತ್ತಗಿನ ಕೊಬ್ಬಾಗುತ್ತದೆ, ಬೆರಳು ತಾಗಿದರೆ ಕರಗುತ್ತದೆ. ಒಳ್ಳೆಯ ಚಾಕೊಲೇಟಿಗೆ ಹೀಗೆ ಮಾಡಿದರೆ ಕಾಂಪೌಂಡಿಗಿಂತಲೂ ಕಡೆ. ದಪ್ಪವಾದದ್ದಕ್ಕೆ ಕಾರಣ ಸಾಮಾನ್ಯವಾಗಿ ತಣ್ಣಗಾದದ್ದು, ಅರ್ಧ ಡಿಗ್ರಿ ಏರಿಸಿ ನೋಡಿ.

ಹದ ಬಂದದ್ದಕ್ಕೆ ಏನು ಅದ್ದಬೇಕು? ಹುರಿದ ಗೇರುಬೀಜ, ಹುರಿದ ಕಾಫಿಬೀಜ, ಉಪ್ಪು ಹಾಕಿದ ಬಾಳೆಕಾಯಿ ಚಿಪ್ಸು. ಚಿಪ್ಸಿಗೂ ಡಾರ್ಕಿಗೂ ಇರುವ ಹೊಂದಾಣಿಕೆ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು. ಅದರಲ್ಲಿ ಒಂದು ಎಚ್ಚರ ಬೇಕು: ಡಬ್ಬಿ ತೆರೆದ ಹತ್ತು ನಿಮಿಷಕ್ಕೆ ಮಳೆಗಾಲದ ಗಾಳಿಗೆ ಚಿಪ್ಸು ಮೆತ್ತಗಾಗುತ್ತದೆ. ಇಪ್ಪತ್ತು ಇಪ್ಪತ್ತನ್ನೇ ಹೊರತೆಗೆದು, ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿ ಆರಿಸಿ, ಪೂರ್ತಿ ಮುಳುಗುವಂತೆ ಅದ್ದಿ. ಅರ್ಧ ಅದ್ದಿದ್ದು ನೋಡಲು ಚೆಂದ, ಬಿಟ್ಟ ಅರ್ಧ ಮಾರನೆಯ ದಿನ ಚರ್ಮದ ಹಾಗೆ. ಮುಳ್ಳುಚಮಚದಲ್ಲಿ ಎತ್ತಿ ಬೋಗುಣಿಯ ಅಂಚಿಗೆ ಎರಡು ಸಲ ತಟ್ಟಿ ಹೆಚ್ಚಿನದ್ದು ಇಳಿದ ಮೇಲೆ ಬಟರ್ ಪೇಪರ್ ಮೇಲಿಡಬೇಕು. ಕಾಲು ಗಂಟೆಗೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಹಸಿ ಹಣ್ಣು, ಹಸಿ ತೆಂಗಿನತುರಿ ಅದ್ದಬೇಡಿ. ತೆಂಗಿನದು ಬೇಕಿದ್ದರೆ ಕೊಬ್ಬರಿ ಮಿಠಾಯಿಯನ್ನು ಪಾಕ ಗಟ್ಟಿಹಿಡಿದು ಮಾಡಿ, ಒಂದು ದಿನ ಆರಿಸಿ, ಆಮೇಲೆ ಅದ್ದಿ. ಒಂದು ಕಿಲೋ ಡಾರ್ಕ್, 600 ಗ್ರಾಂ ಮಿಲ್ಕ್ ಹೀಗೆ ಹೋಯಿತು.

ಹಬೆಯ ಒಂದೆರಡು ಹನಿ ಬಿದ್ದು ಕರಗಿದ ಚಾಕೊಲೇಟು ಹಠಾತ್ತನೆ ಮರಳು ಮುದ್ದೆಯಂತೆ ಹಿಡಿದುಕೊಂಡರೆ ಎಸೆಯಬೇಡಿ. ಆ ಚೂರು ನೀರಿಗೆ ಸಕ್ಕರೆ ಕಣಗಳೆಲ್ಲ ಅಂಟಿಕೊಂಡಿವೆ. ವಿಚಿತ್ರವೆಂದರೆ ಪರಿಹಾರ ಇನ್ನಷ್ಟು ನೀರು: 60 ಗ್ರಾಮಿಗೆ ಒಂದು ಟೇಬಲ್ ಚಮಚದ ಲೆಕ್ಕದಲ್ಲಿ ಬಿಸಿನೀರನ್ನೋ ಹಾಲನ್ನೋ ಸುರಿದು ಕಲಕಿದರೆ ಸಡಿಲಾಗಿ ಹೊಳೆಯುತ್ತದೆ. ಅದ್ದುವ ಕೆಲಸಕ್ಕೆ ಇನ್ನು ಬಾರದು, ಹಾಲಿಗೆ, ಐಸ್‌ಕ್ರೀಮಿನ ಮೇಲಕ್ಕೆ, ಕೇಕಿಗೆ ಬರುತ್ತದೆ.

ಕೇಕಿನ ಮಾತು ಬಂತು. ಮೊಟ್ಟೆ ಹಾಕದ ಬ್ರೌನಿಗೆ 200 ಗ್ರಾಂ ಡಾರ್ಕ್, 100 ಗ್ರಾಂ ಬೆಣ್ಣೆ ಒಟ್ಟಿಗೆ ಕರಗಿಸಿ, ಸ್ವಲ್ಪ ಆರಿದ ಮೇಲೆ 120 ಗ್ರಾಂ ಸಕ್ಕರೆ, 150 ಗ್ರಾಂ ಗಟ್ಟಿ ಮೊಸರು, ಆಮೇಲೆ 120 ಗ್ರಾಂ ಮೈದಾ, ಕಾಲು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಮೈದಾ ಬಿದ್ದ ಮೇಲೆ ಹೆಚ್ಚು ತಿರುವಬೇಡಿ. ಎಂಟು ಇಂಚಿನ ಟ್ರೇಯಲ್ಲಿ 170 ಡಿಗ್ರಿಗೆ 25ರಿಂದ 30 ನಿಮಿಷ. ಮೊಸರು ಫ್ರಿಜ್ಜಿನಿಂದ ನೇರ ಬಂದರೆ ಚಾಕೊಲೇಟು ಗಂಟುಕಟ್ಟುತ್ತದೆ, ಒಂದು ಗಂಟೆ ಮೊದಲೇ ಹೊರಗಿಡಿ. ಹುಳಿ ಮೊಸರಾದರೆ ಹುಳಿಯೇ ಮುಂದೆ ಬರುತ್ತದೆ. ಸಕ್ಕರೆಯಲ್ಲಿ ಅರ್ಧಕ್ಕೆ ಜೋನಿ ಬೆಲ್ಲ ಹಾಕಿದ ಟ್ರೇ ಮೂರನೆಯ ದಿನವೂ ಮೆದುವಾಗಿತ್ತು. ನಾಲ್ಕು ಟ್ರೇಗೆ 800 ಗ್ರಾಂ ಹಿಡಿಯಿತು, ಅಕ್ಕಪಕ್ಕದ ಮನೆಗಳಿಗೂ ಹೋಯಿತು.

ಗನಾಶಿಗೆ ಮನೆಯ ಕೆನೆ ಬೇಡ. ವಾರವಿಡೀ ತೆಗೆದಿಟ್ಟ ಕೆನೆಯಲ್ಲಿ ಗಂಟೂ ಹುಳಿಯೂ ಇರುತ್ತದೆ, ಬಿಸಿಗೆ ಒಡೆಯುತ್ತದೆ. ಪೊಟ್ಟಣದ ಅಮುಲ್ ಫ್ರೆಶ್ ಕ್ರೀಮಿನಲ್ಲಿ 25% ಕೊಬ್ಬು, ಉಳಿದದ್ದು ಹೆಚ್ಚಾಗಿ ನೀರು. ಹೊರದೇಶದ ಅಳತೆಗಳು 35% ಕೊಬ್ಬಿನ ಕ್ರೀಮಿಗೆ ಬರೆದವು, ಅದನ್ನೇ ಹಿಡಿದರೆ ಉಂಡೆ ಕಟ್ಟಲು ಬಾರದಷ್ಟು ಸಡಿಲ. 400 ಗ್ರಾಂ ಡಾರ್ಕಿಗೆ 180 ಗ್ರಾಂ ಸಾಕು. ಕ್ರೀಮನ್ನು ಜಜ್ಜಿದ ಐದು ಏಲಕ್ಕಿ ಹಾಕಿ ಬಿಸಿ ಮಾಡಿ, ಹತ್ತು ನಿಮಿಷ ಮುಚ್ಚಿಟ್ಟು, ಸೋಸಿ, ಮತ್ತೆ ಬಿಸಿ ಮಾಡಿ ಕೊಚ್ಚಿದ ಚಾಕೊಲೇಟಿನ ಮೇಲೆ ಸುರಿಯಿರಿ. ಎರಡು ನಿಮಿಷ ಮುಟ್ಟದೆ ಬಿಟ್ಟು ನಡುವಿನಿಂದ ಹೊರಕ್ಕೆ ತಿರುವಿ. ಎಣ್ಣೆ ಬಿಟ್ಟು ಒಡೆದರೆ ಒಂದೊಂದೇ ಚಮಚ ಬೆಚ್ಚಗಿನ ಹಾಲು ಹಾಕುತ್ತಾ ಕಡೆದರೆ ಕೂಡಿಕೊಳ್ಳುತ್ತದೆ. ಕರೆಂಟು ಹೋದ ಮನೆಯಲ್ಲಿ ಇದನ್ನು ಎರಡು ದಿನಕ್ಕಿಂತ ಇಡಬೇಡಿ.

ಕ್ರೀಮೇ ಇಲ್ಲದ ದಿನಕ್ಕೆ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಎರ್ವೆ ತಿಸ್ ತೋರಿಸಿದ ದಾರಿ ಇದೆ: ಬರೀ ನೀರು. 200 ಗ್ರಾಂ 55% ಡಾರ್ಕಿಗೆ 125 ಮಿಲಿ ನೀರು ಬೆರೆಸಿ ಕರಗಿಸಿ, ತಣ್ಣೀರಿನ ತಟ್ಟೆಯಲ್ಲಿ ಬೋಗುಣಿ ಇಟ್ಟು ಕಡೆದರೆ, ಕೋಕೋ ಬೆಣ್ಣೆಯೇ ಕೆನೆಯ ಕೊಬ್ಬಿನಂತೆ ಗಾಳಿಯನ್ನು ಹಿಡಿದುಕೊಂಡು ನೊರೆಯಾಗುತ್ತದೆ. ಐಸ್ ಇದ್ದರೆ ಬೇಗ, ಇಲ್ಲದಿದ್ದರೆ ಮಳೆಗಾಲದ ಬಾವಿನೀರಿಗೆ ಒಂದು ಹಿಡಿ ಉಪ್ಪುಹಾಕಿ ನೋಡುವುದಕ್ಕಿಂತ ನೀರನ್ನು ಎರಡು ಮೂರು ಸಲ ಬದಲಿಸುವುದೇ ಮೇಲು. ಬಣ್ಣ ತಿಳಿಯಾಗಿ ಗೆರೆ ನಿಂತ ಕ್ಷಣವೇ ನಿಲ್ಲಿಸಿ. ಇನ್ನೂ ಕಡೆದರೆ ಹರಳುಹರಳಾಗುತ್ತದೆ, ಹಾಗಾದರೆ ಬಿಸಿ ಮಾಡಿ ಕರಗಿಸಿ ಮತ್ತೆ ಶುರು. ನೀರಿನ ಬದಲು ಸೋಸಿದ ಮುರುಗಲು ರಸ ಹಾಕಿದ್ದು ಅದ್ಭುತವಾಗಿತ್ತು. ಕ್ರೀಮಿಗೆ ಆ ಹುಳಿ ಹಾಕಿದ್ದರೆ ಒಡೆಯುತ್ತಿತ್ತು, ಇಲ್ಲಿ ಒಡೆಯಲು ಹಾಲೇ ಇಲ್ಲ.

ವೈಟ್ ಚಾಕೊಲೇಟು ಬರೀ ಸಿಹಿ ಎಂದು ಯಾರೂ ಮುಟ್ಟಲಿಲ್ಲ. ಅದನ್ನು ಟ್ರೇಯಲ್ಲಿ ಹರಡಿ 120 ಡಿಗ್ರಿಯ ಓವನ್ನಿನಲ್ಲಿ ಇಟ್ಟು, ಹತ್ತು ನಿಮಿಷಕ್ಕೊಮ್ಮೆ ತೆಗೆದು ತಿರುವುತ್ತಾ 50 ನಿಮಿಷ ಹುರಿದೆವು. ನಡುವೆ ಒಣಗಿ ಸುಣ್ಣದ ಪುಡಿಯಂತಾಗುತ್ತದೆ, ಹೆದರದೆ ಒತ್ತಿ ತಿರುವಿದರೆ ಮತ್ತೆ ಹರಿಯುತ್ತದೆ. ಹಾಲಿನ ಪುಡಿಯೂ ಸಕ್ಕರೆಯೂ ಬೆಂದು, ಕಾಯಿಸಿದ ತುಪ್ಪದ ತಳದ ಗಸಿಯ ಬಣ್ಣ, ಅದೇ ಪರಿಮಳ. ಉಪ್ಪು ಬೆರೆಸಿ ಬಾಟಲಿಗೆ ಹಾಕಿದ್ದು ಆರು ಕಿಲೋದಲ್ಲಿ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು.

ಹಾಲುಬಾಯಿಗೂ ಪಾಯಸಕ್ಕೂ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ಅಲ್ಲಿ ಬೆಲ್ಲ, ಕಾಯಿಹಾಲು, ಏಲಕ್ಕಿ ಸೇರಿ ಆಗಲೇ ಪೂರ್ತಿಯಾದ ರುಚಿ ಇದೆ. ಚಾಕೊಲೇಟಿಗೆ ಬಣ್ಣ ಕೊಡುವುದಷ್ಟೇ ಉಳಿಯುತ್ತದೆ, ಎರಡೂ ಹಾಳು.

ಉಳಿದ 400 ಗ್ರಾಂ ಮಿಲ್ಕ್ ಡಬ್ಬಿಯಲ್ಲಿದೆ, ತಿನ್ನುವುದಕ್ಕೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಬೋಗುಣಿಯನ್ನು ನೇರ ತೊಟ್ಟಿಗೆ ಹಾಕಬೇಡಿ, ತಣ್ಣೀರಿಗೆ ಕೋಕೋ ಬೆಣ್ಣೆ ಗಟ್ಟಿಯಾಗಿ ಪೈಪನ್ನು ಕಟ್ಟುತ್ತದೆ. ಬೋಗುಣಿಗೆ ಒಂದು ಲೋಟ ಬಿಸಿಹಾಲು ಸುರಿದು, ಚಮಚ, ಚಾಕು ಎಲ್ಲವನ್ನೂ ಅದರಲ್ಲೇ ಆಡಿಸಿ ತೊಳೆದು ಲೋಟಕ್ಕೆ ಬಗ್ಗಿಸಿಕೊಳ್ಳಿ. ಆಮೇಲೆ ಕಾಗದದಿಂದ ಒರೆಸಿ, ಕೊನೆಗೆ ಬಿಸಿನೀರು.